ಅಕ್ಕನ ಹೆಸರಿನ ಮುಂದಿನ ಚುಕ್ಕೆ

ನಮ್ಮ ಮನೆಗೆ ಬಂದವರು ಮೊದಲು ಕೇಳುವುದು ಆ ಸದ್ದಿನ ಬಗ್ಗೆ, ಆಮೇಲೆ ಕೆಂಪು ಚುಕ್ಕೆಯ ಬಗ್ಗೆ. ಬರುವವರು ಬಹಳ ಜನರೇನಲ್ಲ. ಗ್ಯಾಸ್ ಸಿಲಿಂಡರ್ ತರುವವನು, ಕೆಳಗಿನ ಮನೆಯ ಮಾಲೀಕರು, ಅಪರೂಪಕ್ಕೆ ಊರ ಕಡೆಯ ಯಾರಾದರೂ. ಸದ್ದು ಕಂಪ್ಯೂಟರುಗಳ ಫ್ಯಾನಿನದು. ಸದಾ ಗುಂಯ್ ಎನ್ನುತ್ತಿರುತ್ತದೆ; ನನ್ನ ಗಮನಕ್ಕೆ ಬರುವುದು ಅದು ನಿಂತಾಗ ಮಾತ್ರ. ಚುಕ್ಕೆ ಇರುವುದು ಗೋಡೆಗೆ ಹಾಕಿದ ಹಳೆಯ ಪರದೆಯ ಮೇಲೆ. ಅಲ್ಲಿ ಒಂದರ ಕೆಳಗೊಂದು ಹೆಸರುಗಳಿವೆ. ಪ್ರತಿ ಹೆಸರಿನ ಮುಂದೆ ಒಂದು ಹಸಿರು ಚುಕ್ಕೆ. ಕೊನೆಯದರ ಮುಂದೆ ಮಾತ್ರ ಕೆಂಪು.

“ಏನೋ ಕೆಟ್ಟಂಗೈತಲ್ಲೋ ಸಿದ್ದಪ್ಪಾ. ವೈರಿನ ಮನಶ್ಯಾ ನೀನಾ, ರಿಪೇರಿ ಮಾಡ್ಕೊಬಾರದೇನು?” ಎಂದು ಊರಿನವರು ಕೇಳುತ್ತಾರೆ.

“ಮಾಡಬೇಕ್ರಿ,” ಎನ್ನುತ್ತೇನೆ. ಚಹಾ ಕೊಡುತ್ತೇನೆ. ಮಾತು ಅಷ್ಟಕ್ಕೇ ಮುಗಿಯುತ್ತದೆ. ನಿಮಗೆ ಮಾತ್ರ ಪೂರ್ತಿ ಹೇಳುತ್ತೇನೆ. ನೀವು ಚಹಾ ಕುಡಿದು ಎದ್ದು ಹೋಗುವವರಲ್ಲ.

ನಾನಿರುವುದು ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಮೇಲ್ಮಹಡಿಯ ಒಂದೇ ಒಂದು ಕೋಣೆಯಲ್ಲಿ. ಓದಿದ್ದು ಐದನೇ ಇಯತ್ತೆ, ಅದೂ ಅಪ್ಪ ಅವ್ವ ನನ್ನನ್ನು ಕೆಲವು ವರ್ಷ ದೇವದುರ್ಗದ ಹತ್ತಿರ ಅಜ್ಜಿಯ ಊರಿನಲ್ಲಿ ಬಿಟ್ಟಿದ್ದರಿಂದ ಆದದ್ದು. ಕೆಲಸ, ದೊಡ್ಡ ಆಫೀಸುಗಳಲ್ಲಿ ಕಂಪ್ಯೂಟರಿನ ವೈರ್ ಎಳೆಯುವುದು. ಸೀಲಿಂಗಿನ ಮೇಲೆ ಹೊಟ್ಟೆ ಊರಿ ಹಲ್ಲಿಯ ಹಾಗೆ ಹರಿದಾಡುತ್ತೇನೆ. ಕೆಳಗೆ ಕೂತವರಿಗೆ ಮೇಲೊಬ್ಬನಿದ್ದಾನೆ ಎಂದು ಗೊತ್ತಾಗುವುದು ತಲೆಯ ಮೇಲೆ ದೂಳು ಉದುರಿದಾಗ. ಆಫೀಸುಗಳು ಜಾಗ ಖಾಲಿ ಮಾಡುವಾಗ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುತ್ತಾರೆ. ಗುಜರಿಯಿಂದ ಅವು ನನ್ನ ಕೋಣೆಗೆ ಬರುತ್ತವೆ. ಮೊದಲು ಒಂದು ಬಂತು. ಅದಕ್ಕೆ ಜೊತೆಗೆಂದು ಇನ್ನೊಂದು. ಮದುವೆಯ ವಯಸ್ಸು ಹೀಗೆಯೇ ಕಳೆಯಿತು.

ಮನೆಯಲ್ಲೇ ಸರ್ವರ್ ಇಟ್ಟುಕೊಳ್ಳುವುದು ಎಂದರೇನು ಎಂದು ನೀವು ಕೇಳಬಹುದು. ದಯವಿಟ್ಟು ಕೇಳಿ, ನನ್ನನ್ನು ಯಾರೂ ಕೇಳುವುದಿಲ್ಲ. ನಿಮ್ಮ ಫೋಟೋ, ಹಾಡು, ವಿಡಿಯೋ ಎಲ್ಲ ಯಾವುದೋ ದೂರದ ಕಂಪನಿಯ ಕಂಪ್ಯೂಟರಿನಲ್ಲಿ ಇರುತ್ತವಲ್ಲ, ಹಾಗಲ್ಲದೆ ನಿಮ್ಮ ಮನೆಯ ಕಂಪ್ಯೂಟರಿನಲ್ಲೇ ಇಟ್ಟುಕೊಂಡು, ಎಲ್ಲಿ ಹೋದರೂ ಅಲ್ಲಿಂದ ತೆರೆದು ನೋಡುವ ಹಾಗೆ ಮಾಡಿಕೊಳ್ಳುವುದು. ಇದನ್ನು ನಾನು ಹಿಂದಿ ವಿಡಿಯೋ ನೋಡಿ ಕಲಿತೆ. ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಚುಚ್ಚಿ ನೋಡಿ ತಿಳಿಯುತ್ತಿದ್ದೆ. ಒಮ್ಮೆ ಹೀಗೆ ಒಂದು ವೈರನ್ನು ಚುಚ್ಚಬಾರದ ಕಡೆ ಚುಚ್ಚಿದ್ದರಿಂದ ಇಡೀ ಕಟ್ಟಡದ ಇಂಟರ್ನೆಟ್ಟು ನನ್ನ ಡಬ್ಬಿಯ ಮಾತು ಕೇಳತೊಡಗಿತು. ನನ್ನ ಡಬ್ಬಿಗೋ ಏನು ಹೇಳಬೇಕೆಂದೇ ಗೊತ್ತಿರಲಿಲ್ಲ. ಕ್ರಿಕೆಟ್ ಪಂದ್ಯದ ಕೊನೆಯ ಓವರ್ ನಡೆಯುತ್ತಿತ್ತು. ಎಲ್ಲರ ಟೀವಿಯೂ ನಿಂತುಹೋಯಿತು. ಮಾಲೀಕರು ಲುಂಗಿ ಎತ್ತಿ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಯಂತ್ರಗಳಿಗೆಲ್ಲ ಹೆಸರಿಡಬೇಕಾಗುತ್ತದೆ. ಕಲಿತವರು ಇಂಗ್ಲಿಷಿನಲ್ಲಿ ಇಡುತ್ತಾರೆ. ನಾನು ನನಗೆ ನೆನಪಿರುವಂಥವನ್ನು ಇಟ್ಟೆ. ಹೊರಗಿನಿಂದ ಬರುವ ವೈರು ಬಂದು ನಾಲ್ಕು ದಿಕ್ಕಿಗೆ ಒಡೆಯುವ ಡಬ್ಬಿಯ ಹೆಸರು ಗುಂತಕಲ್ಲು. ನಮ್ಮ ಕಡೆಯ ಗಾಡಿಗಳೆಲ್ಲ ದಿಕ್ಕು ಬದಲಿಸುವ ಜಂಕ್ಷನ್ ಅದು. ಕಳ್ಳಕಾಕರು ಒಳಗೆ ನುಗ್ಗದಂತೆ ಕಾಯುವ ಯಂತ್ರ ದ್ಯಾಮವ್ವ, ಊರ ಗಡಿ ಕಾಯುವ ದೇವಿ. ಎಲ್ಲವನ್ನೂ ತುಂಬಿಡುವ ದೊಡ್ಡ ಪೆಟ್ಟಿಗೆ ಹಗೇವು. ಹಿಂದೆ ನೆಲದೊಳಗೆ ಆಳವಾಗಿ ಗುಂಡಿ ತೋಡಿ ಜೋಳ ತುಂಬಿ ಮುಚ್ಚಿಡುತ್ತಿದ್ದರಲ್ಲ, ಅದು. ನನ್ನ ಹಗೇವಿನಲ್ಲಿ ಒಂದು ಊರಿನ ಜನರೆಲ್ಲ ಜೀವಮಾನವಿಡೀ ತೆಗೆಯುವಷ್ಟು ಫೋಟೋ ಹಿಡಿಯುತ್ತವೆ. ಇರುವುದು ಕೆಲವೇ ಕೆಲವು. ಅಪ್ಪ ಕರಣೆ ಹಿಡಿದು ನಿಂತ ಒಂದು ಮಸುಕು ಫೋಟೋ, ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು “ಹೋಗೋ ಅತ್ಲಾಗ” ಎನ್ನುತ್ತಿರುವ ಇನ್ನೊಂದಷ್ಟು. ಕಳೆದುಹೋಗದಿರಲೆಂದು ಪ್ರತಿಯೊಂದನ್ನೂ ಹಲವು ಕಡೆ ನಕಲು ಮಾಡಿ ಇಟ್ಟಿದ್ದೇನೆ. ಇಷ್ಟೆಲ್ಲ ಕಾವಲು ಇಟ್ಟುಕೊಂಡು ಕಾಯುತ್ತಿರುವುದು ಇಷ್ಟನ್ನೇ.

ಪಟ್ಟಿಯ ಕೊನೆಯ ಹೆಸರು ‘ಅಕ್ಕ’. ಅದು ಈ ಕೋಣೆಯಲ್ಲಿಲ್ಲ. ಊರಿನ ಇನ್ನೊಂದು ತುದಿಯ ಶಂಶಾಬಾದಿನಲ್ಲಿ, ನನ್ನ ಅಕ್ಕನ ಮನೆಯಲ್ಲಿತ್ತು.

ಅಕ್ಕನ ವಿಷಯಕ್ಕೆ ಬಂದರೆ ಹಗ್ಗದ ವಿಷಯ ಹೇಳದೆ ಮುಂದೆ ಹೋಗಲಾರೆ. ಅಪ್ಪ ಗೌಂಡಿ, ಗೋಡೆ ಕಟ್ಟುವವ. ಅವ್ವ ತಲೆಯ ಮೇಲೆ ಸಿಮೆಂಟ್ ಕಲಸಿದ್ದು ಹೊರುತ್ತಿದ್ದಳು. ಈ ಹೈದರಾಬಾದಿನಲ್ಲಿ ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿ ನಮ್ಮ ತಗಡಿನ ಗುಡಿಸಲು. ಅವರಿಬ್ಬರೂ ಮೇಲೆ ಹೋದರೆ ಕೆಳಗೆ ಅಡಿಗೆಗೂ ನನಗೂ ಅಕ್ಕನೇ ದಿಕ್ಕು. ಅವಳೂ ಆಗ ಲಂಗದ ಹುಡುಗಿ. ಗುಡಿಸಲಿನ ಪಕ್ಕದಲ್ಲೇ ನೀರು ತುಂಬಿದ ದೊಡ್ಡ ಗುಂಡಿ ಇರುತ್ತಿತ್ತು. ನಾನು ಅದರಲ್ಲಿ ಬೀಳದಿರಲೆಂದು, ಅವ್ವನ ಹಳೆಯ ಸೀರೆ ಸೀಳಿ ಹೆಣೆದ ಹಗ್ಗದ ಒಂದು ತುದಿಯನ್ನು ನನ್ನ ಉಡದಾರಕ್ಕೂ ಇನ್ನೊಂದನ್ನು ಅಕ್ಕನ ಕಾಲಿಗೂ ಕಟ್ಟುತ್ತಿದ್ದರು. ಅವಳ ಕೈಗಳು ರೊಟ್ಟಿ ಬಡಿಯುತ್ತಿದ್ದವು. ಆಗಾಗ ಕಾಲು ಜಗ್ಗುತ್ತಿದ್ದಳು. ನಾನು ತಿರುಗಿ ಜಗ್ಗಿದರೆ ಇದ್ದಾನೆ ಎಂದು ಅರ್ಥ. ಮತ್ತೆ ರೊಟ್ಟಿ.

ಒಂದು ದಿನ ನನಗೆ ಸಿಮೆಂಟ್ ಕಲಸುವ ಯಂತ್ರ ತಿರುಗುವುದನ್ನು ನೋಡುವ ಆಸೆಯಾಯಿತು. ಹಗ್ಗ ಬಿಚ್ಚಿ ವಾಚ್‌ಮನ್ನನ ಆಡಿನ ಮರಿಯ ಕೊರಳಿಗೆ ಕಟ್ಟಿ ಹೋದೆ. ಅಕ್ಕ ಕಾಲು ಜಗ್ಗಿದಳು, ಮರಿ ತಿರುಗಿ ಜಗ್ಗಿತು. ಇದ್ದಾನೆ. ರೊಟ್ಟಿ ಮುಗಿಸಿ ಉಣ್ಣಿಸಲು ಬಂದವಳು ಆಡಿನ ಮರಿಯನ್ನು ನೋಡಿ, ನೇರ ಗುಂಡಿಯ ಹತ್ತಿರ ಓಡಿ, ನೀರು ನೋಡುತ್ತ ನನ್ನ ಹೆಸರು ಕೂಗುತ್ತಿದ್ದಳಂತೆ. ನಾನು ಹಿಂದಿನಿಂದ ಬಂದು “ಏನಕ್ಕಾ?” ಎಂದೆ. ಆ ದಿನ ತಿಂದ ಏಟಿನ ನೆನಪಿಲ್ಲ. ಹೊಡೆಯುತ್ತ ಹೊಡೆಯುತ್ತ ಅವಳೇ ಅತ್ತದ್ದು ನೆನಪಿದೆ. ಆಮೇಲೆ ನಾನು ಮೀಸೆ ಬಂದ ಮೇಲೂ ಸಿಟ್ಟು ಬಂದಾಗಲೆಲ್ಲ ಅವಳಿಗೆ ‘ಆಡಿನಮರಿ’ಯೇ.

ಕಂಪ್ಯೂಟರುಗಳೂ ಹೀಗೆಯೇ ಮಾಡುತ್ತವೆ. ಒಂದು ಇನ್ನೊಂದನ್ನು ಜಗ್ಗುತ್ತದೆ. ತಿರುಗಿ ಜಗ್ಗಿದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು. ಇದನ್ನು ಮೊದಲ ಸಲ ವಿಡಿಯೋದಲ್ಲಿ ನೋಡಿದಾಗ, ಇದು ನನಗೆ ಮೊದಲೇ ಬರುತ್ತದಲ್ಲ ಎಂದು ನಕ್ಕಿದ್ದೆ.

ಭಾವ ತೀರಿಕೊಂಡ ಮೇಲೆ ಅಕ್ಕ ಶಂಶಾಬಾದಿನಲ್ಲಿ ಒಬ್ಬಳೇ ಇದ್ದಳು. ಮಕ್ಕಳಿಲ್ಲ. ವಿಮಾನ ನಿಲ್ದಾಣದಲ್ಲಿ ನೆಲ ಒರೆಸುವ ಕೆಲಸ. ಅವಳಿಗೆ ತತ್ವಪದ ಕೇಳುವ ಹುಚ್ಚು. ನನ್ನ ಹಗೇವಿನಿಂದ ಅವಳ ಟೀವಿಗೆ ಪದಗಳು ಹೋಗುವಂತೆ ಒಂದು ಸಣ್ಣ ಡಬ್ಬಿ ಮಾಡಿ ಇಟ್ಟು ಬಂದೆ. ಬಾಗಿಲ ಮೇಲೆ ಒಂದು ಕ್ಯಾಮರಾ ಕೂಡ ಹಾಕಿದ್ದೆ. ಅದನ್ನು ಮಾತ್ರ ಅವಳು ಆ ದಿನವೇ ತೆಗೆಸಿದಳು.

“ಗ್ವಾಡಿಗೆ ಕಣ್ಣು ಅಂಟಿಸಿ ಹೊಂಟಿಯೇನೋ? ನಿನ್ನ ಮಾರಿ ಮ್ಯಾಲ ಎರಡು ಅದಾವಲ್ಲ, ಅವನ್ನ ತಗೊಂಡು ಬಂದು ನೋಡು.”

ನಕ್ಕೆ. ತೆಗೆದೆ. ಡಬ್ಬಿ ಉಳಿಯಿತು. ಆವತ್ತಿನಿಂದ ಬೆಳಿಗ್ಗೆ ಎದ್ದು ಮೊದಲು ನೋಡುವುದು ಅಕ್ಕನ ಹೆಸರಿನ ಮುಂದಿನ ಚುಕ್ಕೆ. ಹಸಿರು. ಇದ್ದಾಳೆ. ಹಲ್ಲುಜ್ಜಲು ಹೋಗುತ್ತಿದ್ದೆ. ಮೊದಮೊದಲು ಹಸಿರು ನೋಡಿ ಫೋನ್ ಮಾಡುತ್ತಿದ್ದೆ. ಆಮೇಲೆ ಹಸಿರು ನೋಡಿದರೆ ಫೋನ್ ಮಾಡಿದಷ್ಟೇ ಸಮಾಧಾನವಾಗತೊಡಗಿತು. ನನ್ನ ತಪ್ಪು ಶುರುವಾದದ್ದು ಇಲ್ಲಿಂದ. ಆದರೆ ಆಗ ಅದು ತಪ್ಪಿನ ಹಾಗೆ ಕಾಣಲಿಲ್ಲ, ಅನುಕೂಲದ ಹಾಗೆ ಕಂಡಿತು.

ಕೆಂಪಾದರೆ ಮಾತ್ರ ನನಗೆ ಕೈಕಾಲು ಆಡುತ್ತಿರಲಿಲ್ಲ. ಫೋನ್ ಮಾಡಿ “ಪ್ಲಗ್ ನೋಡಕ್ಕಾ, ಸಡಿಲ ಆಗೈತೇನೋ” ಎಂದರೆ, “ಮುಟ್ಟಿದ್ರ ಶಾಕ್ ಹೊಡಿತೈತಿ ಅಂತ ನೀನಾ ಹೇಳಿದ್ದಿ. ನಾ ಮುಟ್ಟಂಗಿಲ್ಲಪ್ಪಾ,” ಎನ್ನುತ್ತಿದ್ದಳು. ಬೈಕು ಹತ್ತಿ, ರಿಂಗ್ ರೋಡಿನ ಪಕ್ಕದ ರಸ್ತೆ ಹಿಡಿದು, ಲಾರಿಗಳ ಹೊಗೆ ಕುಡಿಯುತ್ತ ಶಂಶಾಬಾದ್ ಮುಟ್ಟುತ್ತಿದ್ದೆ. ನೋಡಿದರೆ ಡಬ್ಬಿಯ ಸ್ವಿಚ್ಚು ಆರಿರುತ್ತಿತ್ತು. ಅಷ್ಟೇ.

“ಇದನ್ನ ಯಾರು ಬಂದ್ ಮಾಡಿದ್ರು?”

“ಇಲಿ ಇರಬೇಕು.”

“ಇಲಿ ಸ್ವಿಚ್ ಒತ್ತತೈತೇನಕ್ಕಾ?”

“ಈ ಊರಾಗಿನ ಇಲಿ ಭಾಳ ಶ್ಯಾಣ್ಯಾ ಅದಾವು. ಕೈ ತೊಳ್ಕೊ, ರೊಟ್ಟಿ ಆರಾಕತ್ತಾವು.”

ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಉಂಡು, ಅಲ್ಲೇ ಚಾಪೆಯ ಮೇಲೆ ಉರುಳಿ, ಸಂಜೆಯ ಚಹಾ ಕುಡಿದು ಬರುತ್ತಿದ್ದೆ. ಒಬ್ಬಳೇ ಇರುವ ಹೆಂಗಸು ಇಬ್ಬರಿಗಾಗುವಷ್ಟು ರೊಟ್ಟಿಯನ್ನು ಯಾಕೆ ಮಾಡಿಟ್ಟಿರುತ್ತಾಳೆ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ಬದಲಿಗೆ ಮುಂದಿನ ಸಲ ಹೋಗುವಾಗ ಇಲಿಬೋನು ತೆಗೆದುಕೊಂಡು ಹೋದೆ. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ಬಹಳ ಹೊತ್ತು ನಕ್ಕಳು. ನಾನು ತಂದದ್ದಕ್ಕೆ ಖುಷಿಯಾಗಿದೆ ಎಂದುಕೊಂಡೆ.

ಮೇಲಿಂದ ಮೇಲೆ ಕೆಂಪಾಗತೊಡಗಿದಾಗ ನನ್ನೊಳಗಿನ ಕೆಲಸಗಾರನಿಗೆ ಅವಮಾನವಾಯಿತು. ಆಫೀಸುಗಳಲ್ಲಿ ವರ್ಷಗಟ್ಟಲೆ ಕೆಡದಂತೆ ವೈರ್ ಎಳೆಯುವವನ ಸ್ವಂತ ಅಕ್ಕನ ಮನೆಯಲ್ಲಿ ಇದೆಂಥದು? ಒಂದು ದಿನ ಬ್ಯಾಟರಿ ಹೊತ್ತುಕೊಂಡು ಹೋದೆ. ಸ್ವಿಚ್ಚನ್ನೇ ಕಿತ್ತು ಹಾಕಿ, ವೈರನ್ನು ನೇರವಾಗಿ ಸೇರಿಸಿ, ಮೇಲೆ ತಗಡು ಮುಚ್ಚಿ ಬಿಗಿ ಮಾಡಿದೆ. ಅಕ್ಕ ಒಲೆಯ ಮುಂದೆ ಕುಳಿತು ನೋಡುತ್ತಿದ್ದಳು.

“ಇನ್ನ ಅದು ಬಂದ್ ಆಗೂದಾ ಇಲ್ಲೇನು?”

“ಇಲ್ಲಕ್ಕಾ. ಕರೆಂಟ್ ಹೋದ್ರೂ ಬ್ಯಾಟರಿ ಐತಿ. ಇಲಿ ಬಂದ್ರೂ ಏನೂ ಮಾಡಾಕ ಆಗೂದಿಲ್ಲ.”

“ಚೊಲೋ ಆತು ಬಿಡು,” ಎಂದಳು.

ಆ ದಿನ ಉಣ್ಣುವಾಗ ಇನ್ನೊಂದು ರೊಟ್ಟಿ ಹಾಕಿಕೋ ಎಂದು ಒತ್ತಾಯ ಮಾಡಲಿಲ್ಲ. ನಾನು ಏಳುವ ಹೊತ್ತಿಗೆ, “ಸಿದ್ಯಾ, ಲೈಟ್ ನೋಡಿದ್ರ ಸುತ್ತಲೂ ಬಣ್ಣಬಣ್ಣದ ಬಳಿ ಕಾಣ್ತಾವು ನೋಡು. ಸೂಜ್ಯಾಗ ದಾರ ಹಾಕಾಕ ಬರವಲ್ದು,” ಎಂದಳು. ನಾನು ತಲೆ ಎತ್ತಿ ಬಲ್ಬು ನೋಡಿದೆ. ಮಂಕಾಗಿತ್ತು. ಅಂಗಡಿಗೆ ಹೋಗಿ ದೊಡ್ಡ ಬಲ್ಬು ತಂದು ಹಾಕಿ, ಎಲ್ಲವನ್ನೂ ಸರಿ ಮಾಡಿದವನ ಗತ್ತಿನಲ್ಲಿ ಬೈಕು ಹತ್ತಿದೆ. ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಣ್ಣು ನೋಡುವುದು ಬಿಟ್ಟು ಬಲ್ಬು ನೋಡಿದವನು ನಾನು.

ಪಂಚಮಿಯ ವಿಷಯವೊಂದನ್ನು ಇಲ್ಲೇ ಹೇಳಿಬಿಡಬೇಕು. ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ಬಂದು ತವರಿನಲ್ಲಿ ಉಂಡಿ ತಿಂದು ಜೋಕಾಲಿ ಆಡಬೇಕು. ಅಪ್ಪ ಅವ್ವ ಹೋದ ಮೇಲೆ ಅಕ್ಕನಿಗೆ ತವರು ಎಂದರೆ ಈ ನನ್ನ ಕೋಣೆಯೇ. ಪ್ರತಿ ವರ್ಷ ಕರೆತರುತ್ತಿದ್ದೆ. “ಇದೇನು ತವರಮನಿಯೋ, ಹಾವಿನ ಹುತ್ತೋ?” ಎಂದು ನೆಲದ ವೈರುಗಳನ್ನು ದಾಟಿ ದಾಟಿ ಬರುತ್ತಿದ್ದಳು. ಒಂದು ವರ್ಷ ಉಳಿದ ನೀಲಿ ವೈರುಗಳನ್ನು ಹೊಸೆದು ಹಗ್ಗ ಮಾಡಿ, ಸೀಲಿಂಗಿನ ಕೊಂಡಿಗೆ ಜೋಕಾಲಿ ಕಟ್ಟಿದ್ದೆ. ಈ ವಯಸ್ಸಿನಲ್ಲಿ ಬೇಡವೆಂದವಳು ಕೂತು, ಕಾಲಿನಿಂದ ಹಗೇವನ್ನು ಒದ್ದು, ಇಡೀ ಮನೆಯ ಚುಕ್ಕೆಗಳನ್ನೆಲ್ಲ ಕೆಂಪು ಮಾಡಿದಳು. ಅಷ್ಟು ನಗು ಈ ಕೋಣೆಯಲ್ಲಿ ಮತ್ತೆ ಕೇಳಿಲ್ಲ.

ಕರೆಯಲು ಬಾ ಎಂದು ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ಅದು ಗಂಡುಮಕ್ಕಳು ತಿಳಿದು ಮಾಡಬೇಕಾದ್ದು. ಬ್ಯಾಟರಿ ಹಾಕಿದ ವರ್ಷ ಪಂಚಮಿಗೆ ನಾನು ಹೋಗಲಿಲ್ಲ. ಹೊಸ ಡಿಸ್ಕುಗಳು ಬಂದಿದ್ದವು, ಹಗೇವನ್ನು ಪೂರ್ತಿ ಬಿಚ್ಚಿ ಹರಡಿಕೊಂಡಿದ್ದೆ. ಅಕ್ಕ ಹಸಿರಾಗಿದ್ದಳು. ಮುಂದಿನ ವಾರ ಹೋದರಾಯಿತು ಎಂದುಕೊಂಡೆ. ಹಬ್ಬ ಕಳೆದ ಮೇಲೆ ಒಂದು ದಿನ ಅವಳೇ ಫೋನ್ ಮಾಡಿದ್ದಳು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಸ್ಕ್ರೂ ತಿರುಗಿಸುತ್ತ, “ಹ್ಞೂಂ ಅಕ್ಕಾ... ಹ್ಞೂಂ... ಆತಕ್ಕಾ” ಎಂದಿದ್ದೆ. ಏನು ಹೇಳಿದಳು ಎಂದು ಫೋನಿಟ್ಟ ಮರುಗಳಿಗೆ ಕೇಳಿದ್ದರೂ ನನಗೆ ಹೇಳಲು ಬರುತ್ತಿರಲಿಲ್ಲ.

ಶ್ರಾವಣ ಕಳೆದು, ದಸರೆಯ ಹೊತ್ತಿಗೆ ಶಂಶಾಬಾದಿನ ಹೊಸ ಅಪಾರ್ಟ್‌ಮೆಂಟೊಂದರಲ್ಲಿ ಕೆಲಸ ಬಂತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಕ್ಕನ ಮನೆಗೆ ಹೋದೆ. ಬೆಳಿಗ್ಗೆ ಹೊರಡುವಾಗ ನೋಡಿದ್ದೆ, ಹಸಿರಿತ್ತು. ಬಾಗಿಲಿಗೆ ಬೀಗ. ಪಕ್ಕದ ಮನೆಯ ಯಾದಮ್ಮ ಹೊರಗೆ ಬಂದರು. ಅಕ್ಕನ ಜೊತೆ ಇದ್ದೂ ಇದ್ದೂ ಅವರ ಮಾತು ಅರ್ಧ ತೆಲುಗು, ಅರ್ಧ ನಮ್ಮದು.

“ಮೀ ಅಕ್ಕ ಊರಿಕಿ ಪೋಯಿಂದಿ ಕದಾ! ಮಾನ್ವಿಗೆ ಹೋದ್ಲು, ನಾದ್ನಿ ಮನಿಗೆ. ನಿಂಗ ಗೊತ್ತಿಲ್ಲೇನು?”

ನಾನು ಬೀಗವನ್ನೊಮ್ಮೆ ಜಗ್ಗಿ ನೋಡಿದೆ.

“ಕಣ್ಣು ಪೂರಾ ಮಸುಕು ಆತು. ಕೆಲ್ಸದಾಗ ಬಿದ್ದುಬಿಟ್ಲು ಒಂದ್ಸಲ, ಕೆಲ್ಸಾನೂ ಹೋತು. ಅಲ್ಲಿ ಆಪರೇಷನ್ ಮಾಡಸ್ತಾರಂತ. ಪಂಚಮಿ ಆದ್ಮ್ಯಾಲ ಹೋದ್ಲು. ನಿಂಗ ಫೋನ್ನಾಗ ಹೇಳೀನಿ ಅಂದ್ಲು.”

ಹೇಳಿದ್ದಳು. ನಾನು ಹ್ಞೂಂ ಎಂದಿದ್ದೆ.

“ನಾನು ಮೇನ್ ಬಂದ್ ಮಾಡ್ಲಾ ಅಂದ್ರ, ಬ್ಯಾಡ ಬ್ಯಾಡ ಯಾದಮ್ಮಾ, ಬಂದ್ ಮಾಡಿದ್ರ ನಮ್ಮ ತಮ್ಮ ಗಾಬರಿಯಾಗಿ ಅಷ್ಟು ದೂರದಿಂದ ಓಡಿ ಬರ್ತಾನ, ಇಲ್ಲಿ ರೊಟ್ಟಿ ಮಾಡಾಕ ನಾ ಇರಂಗಿಲ್ಲ, ಅಂದ್ಲು.” ಯಾದಮ್ಮ ನಕ್ಕರು. “ಮುಂಚೆ ತಾನೇ ಬಂದ್ ಮಾಡ್ತಿದ್ಲು ಕದಾ! ರೊಟ್ಟಿ ಎಲ್ಲಾ ಮಾಡಿ ಮುಗ್ಸಿ, ಕೈ ತೊಳ್ಕೊಂಡು, ಟಕ್ ಅಂತ! ಆಮ್ಯಾಲ ಇಲ್ಲಿ ಮೆಟ್ಲ ಮ್ಯಾಲ ಬಂದು ಕುಂದ್ರೋದು. ಇಗೋ ಬಂದ ನೋಡು ನನ್ನ ಇಲಿ, ಅನ್ನೋಳು.”

ಬೀಗದ ಕೈ ಅವರ ಹತ್ತಿರವಿತ್ತು. ಒಳಗೆ ಹೋದೆ. ಹೆಂಚನ್ನು ತೊಳೆದು ಗೋಡೆಗೆ ಒರಗಿಸಿದ್ದಳು. ಇಲಿಬೋನು ಗೂಡಿನಲ್ಲಿ ಹಾಗೇ ಇತ್ತು. ಮೂಲೆಯಲ್ಲಿ ಡಬ್ಬಿ ಸಣ್ಣಗೆ ಕಣ್ಣು ಮಿಟುಕಿಸುತ್ತಿತ್ತು. ಮುಟ್ಟಿದೆ, ಬೆಚ್ಚಗಿತ್ತು. ಆ ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ. ಇಷ್ಟು ದಿನ ನಾನು ದಿನಾ ಬೆಳಿಗ್ಗೆ ಹಗ್ಗ ಜಗ್ಗಿದ್ದೆ, ಆ ತುದಿಯಿಂದ ಆಡಿನ ಮರಿ ತಿರುಗಿ ಜಗ್ಗಿತ್ತು.

ಆರಿಸೋಣವೆಂದರೆ ಸ್ವಿಚ್ಚಿಲ್ಲ. ನಾನೇ ಕಿತ್ತಿದ್ದೆನಲ್ಲ. ಮೇನ್ ಇಳಿಸಿ, ತಗಡು ಬಿಚ್ಚಿ, ಪಕ್ಕಡದಿಂದ ವೈರು ಕತ್ತರಿಸಿದೆ. ಬ್ಯಾಟರಿಯ ಬಲದಿಂದ ಅದು ಇನ್ನೂ ಮಿಟುಕುತ್ತಲೇ ಇತ್ತು. ಅದನ್ನೂ ಕತ್ತರಿಸಿದೆ.

ಕೆಲಸಕ್ಕೆ ತಿರುಗಿ ಹೋಗಲಿಲ್ಲ. ಬೈಕನ್ನು ಅಕ್ಕನ ಬಾಗಿಲಲ್ಲೇ ಬಿಟ್ಟು, ಹೆದ್ದಾರಿಯಲ್ಲಿ ರಾಯಚೂರಿನ ಬಸ್ಸಿಗೆ ಕೈ ಮಾಡಿದೆ, ಅಲ್ಲಿಂದ ಮಾನ್ವಿಯ ಬಸ್ಸು. ಮಾರನೆಯ ದಿನ ಒಬ್ಬನೇ ಹಿಂದಿರುಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಾ ಎಂದೆ, ಬರಲಿಲ್ಲ. ಒಂದು ಕಣ್ಣಿನ ಆಪರೇಷನ್ ಈಗಷ್ಟೇ ಆಗಿದೆ, ಇನ್ನೊಂದರದೂ ಆಗಬೇಕು, ಅದಾದ ಮೇಲೆ ನೋಡೋಣ ಎಂದಳು. ನಾದಿನಿಯ ಮನೆಯಲ್ಲಿ ಮೊಮ್ಮಕ್ಕಳಿವೆ, ಕಟ್ಟೆಯ ಮೇಲೆ ಮಾತಿಗೆ ಜನರಿದ್ದಾರೆ. ನನ್ನ ಕೋಣೆಯಲ್ಲಿ ಏನಿದೆ ಎಂದು ಬಾ ಎನ್ನಲಿ? ಈಗ ಫೋನ್ ಮಾಡುತ್ತೇನೆ. ಎರಡೂ ಕೈ ಖಾಲಿ ಇಟ್ಟುಕೊಂಡು ಕೂತು ಮಾಡುತ್ತೇನೆ. ಬರುವ ಪಂಚಮಿಗೆ ಕರೆಯಲು ಹೋಗುತ್ತೇನೆ. ಬರುವುದು ಬಿಡುವುದು ಅವಳಿಗೆ ಸೇರಿದ್ದು. ಪಟ್ಟಿಯಿಂದ ಅವಳ ಹೆಸರನ್ನು ಅಳಿಸಿಲ್ಲ. ಕೆಂಪು ಹಾಗೇ ಇರಲಿ ಎಂದು ಬಿಟ್ಟಿದ್ದೇನೆ. ಅದು ಈಗ ನಿಜ ಹೇಳುತ್ತಿದೆ.

ಆ ರಾತ್ರಿ ನಾನು ಮಾನ್ವಿ ಮುಟ್ಟಿದಾಗ ಅಕ್ಕ ಕಟ್ಟೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಹೆಜ್ಜೆಯ ಸದ್ದಿಗೆ ತಲೆ ಎತ್ತಿದಳು.

“ಯಾರು? ಸಿದ್ಯಾನೇನು?”

“ಹ್ಞೂಂ ಅಕ್ಕಾ.”

ಗಾಬರಿಯಿಂದ ಎದ್ದು ನಿಂತಳು. “ಯಾಕ ಬಂದಿ? ಡಬ್ಬಿ ಬಂದ್ ಆತೇನು?”

“ಇಲ್ಲಕ್ಕಾ. ನಾನಾ ಬಂದ್ ಮಾಡಿ ಬಂದೀನಿ.”

ಗಾಳಿಯಲ್ಲಿ ಕೈಯಾಡಿಸಿ ನನ್ನ ತೋಳು ಸಿಕ್ಕ ಮೇಲೆ ಗಟ್ಟಿಯಾಗಿ ಹಿಡಿದು ಜಗ್ಗಿ, ಪಕ್ಕದಲ್ಲಿ ಕೂರಿಸಿಕೊಂಡಳು.

“ಹೇ ಆಡಿನಮರಿ,” ಎಂದಳು. “ನಾ ಬಂದ್ ಮಾಡಲಾರ್ದ ಹ್ಯಾಂಗ ಬಂದಿ? ಇವತ್ತ ರೊಟ್ಟಿ ಮಾಡಿಟ್ಟಿಲ್ಲಲ್ಲೋ ನಾ.”